‘ಎಳೆಹೂಟೆ’ ಎಂಬ ಪದದ ಅರ್ಥವೂ ಅದರ ಚರಿತ್ರೆಯೂ

ಭಾಷೆಯೊಳಗಿನ ಪದಗಳಿಗೂ ಮನುಷ್ಯರಂತೆಯೇ ಜನನವೂ ಸ್ಥಿತ್ಯಂತರವೂ ಉಂಟು. ಗೌರವಾರ್ಥದಲ್ಲಿ ಹುಟ್ಟಿದ ಪದವು ಕಾಲಾಂತರದಲ್ಲಿ ಬೈಗಳಾಗಿ ಪರಿಣಮಿಸುವುದು ಅನೇಕ ವೇಳೆ ಕಂಡುಬರುತ್ತದೆ. ಹೀನಾರ್ಥದಲ್ಲಿ ಹುಟ್ಟಿದುದು ಪೂಜ್ಯತೆಯನ್ನು ಪಡೆಯುವುದು ಮಾತ್ರ ಬಲು ವಿರಳ. ಅಂಥ ವಿರಳವಾದ ಪದಗಳಲ್ಲಿ ‘ಎಳೆಹೂಟೆ’ಯು ಒಂದಾಗಿರುತ್ತದೆ. ಬಸವಾದಿ ಪ್ರಮಥರ ಚರಿತ್ರೆಯನ್ನು ಕೇಳಿ ಬಲ್ಲ ಯಾವ ಭಕ್ತನಿಗೂ ಈ ಪದವು ಅಪರಿಚಿತವಲ್ಲ. ಅದು ಕಿವಿಗೆ ಬಿದ್ದೊಡನೆ ಹರಳಯ್ಯನವರ ಮತ್ತು ಮಧುವಯ್ಯನವರ ಸ್ಮರಣೆಯುಂಟಾಗಿ ಕೈಗಳು ತಾವಾಗಿಯೇ ಮುಗಿಯುತ್ತವೆ. ಆದರೆ ಆ ಶಿಕ್ಷೆಯನ್ನು ವಿಧಿಸಿದವರ ಉದ್ದೇಶವು ಜನರಿಂದ ಕೈಮುಗಿಸುವುದಾಗಿರಲಿಲ್ಲ, ಛೀ ಎನ್ನಿಸುವುದಾಗಿತ್ತು. ಛೀ ಎನ್ನಿಸಬೇಕಾಗಿದ್ದ ಪದವು ಶರಣು ಎನ್ನಿಸುವ ಪದವಾದುದು ಹೇಗೆ, ಆ ಮಾರ್ಪಾಟಿನಿಂದ ಇಂದಿನ ಭಕ್ತವೃಂದವು ಅರಿತುಕೊಳ್ಳತಕ್ಕುದೇನು ಎಂಬುದೇ ಈ ಲೇಖನದ ವಿಷಯವಾಗಿದೆ.

ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಅಚ್ಚಗನ್ನಡ ಧಾತುಗಳು ಕಾಣುತ್ತವೆ. ‘ಎಳೆ’ ಎಂದರೆ ಸೆಳೆ, ಜಗ್ಗು ಎಂದರ್ಥ. ‘ಹೂಡು’ ಎಂಬುದು ಹಳಗನ್ನಡದ ‘ಪೂಡು’. ನೊಗಕ್ಕೆ ಕಟ್ಟು, ಜೋಡಿಸು ಎಂಬುದು ಅದರ ಅರ್ಥ. ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ, ಕೂಡು ಎಂಬುದರಿಂದ ಕೂಟ ಆದಂತೆ ಹೂಡು ಎಂಬುದರಿಂದ ಹೂಟೆಯಾಯಿತು. ಈ ಧಾತುವು ಪುಸ್ತಕಗಳಲ್ಲಿ ಮಾತ್ರ ಉಳಿದುಕೊಂಡದ್ದಲ್ಲ. ಧಾರವಾಡ ಸೀಮೆಯ ಒಕ್ಕಲುತನದವರು ಇಂದಿಗೂ ಗಳೆ ಹೂಡುತ್ತಾರೆ, ಚಕ್ಕಡಿ ಹೂಡುತ್ತಾರೆ. ಭಾರತ ಹುಣ್ಣಿಮೆಯ ಸುಮಾರಿಗೆ ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಹೊರಡುವ ಎತ್ತಿನ ಬಂಡಿಗಳನ್ನು ನೋಡಿದವರಿಗೆ ಹೂಡುವುದೆಂಬುದು ಎಷ್ಟು ಮಂಗಲವಾದ ಮಾತೆಂಬುದನ್ನು ಹೇಳಬೇಕಾಗಿಲ್ಲ. ಹೀಗೆ ಹೊಲಕ್ಕೂ ಜಾತ್ರೆಗೂ ಸಂಬಂಧಪಟ್ಟ ಮಾತೊಂದನ್ನು ರಾಜದಂಡವು ತನ್ನ ಕೆಲಸಕ್ಕೆ ಎಳೆದುಕೊಂಡಿತು. ಎತ್ತಿನ ಹಿಂದೆ ನೇಗಿಲನ್ನು ಕಟ್ಟುವಂತೆ ಆನೆಯ ಕಾಲಿಗೆ ಮನುಷ್ಯನನ್ನು ಕಟ್ಟಿ, ಊರ ಬೀದಿಗಳಲ್ಲಿ ಎಲ್ಲರೂ ನೋಡುವಂತೆ ಎಳೆಯಿಸುವುದಕ್ಕೆ ಎಳೆಹೂಟೆಯೆಂದು ಹೆಸರಾಯಿತು. ನೇಗಿಲು ನೆಲವನ್ನು ಸೀಳಿದರೆ ಬೆಳೆ ಬರುತ್ತದೆ. ಇಲ್ಲಿ ನೆಲವೇ ಮನುಷ್ಯನನ್ನು ಸೀಳತಕ್ಕುದಾಗಿತ್ತು.

ಈ ಪದವನ್ನು ಅಜರಾಮರವಾಗಿ ಮಾಡಿದ ಪ್ರಸಂಗವು ಸರ್ವವಿದಿತವಾದುದು. ಕಳಚುರಿ ವಂಶದ ಬಿಜ್ಜಳನು ಚಾಲುಕ್ಯರ ಮಾಂಡಲಿಕನಾಗಿದ್ದವನು. 12ನೆಯ ಶತಮಾನದ ಮಧ್ಯಭಾಗದಲ್ಲಿ ತನ್ನ ಒಡೆಯರ ಸಿಂಹಾಸನವನ್ನೇ ಕೈವಶಮಾಡಿಕೊಂಡನು. ಆತನ ಕಾಲದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತಲೂ ನೆರೆದ ಶರಣ ಸಮೂಹದಲ್ಲಿ ಮಧುವಯ್ಯನವರು ಬ್ರಾಹ್ಮಣ ಕುಲದಿಂದ ಬಂದವರು, ಹರಳಯ್ಯನವರು ಸಮಗಾರ ಕುಲದಿಂದ ಬಂದವರು. ಲಿಂಗವು ಕೈಗೆ ಬಂದಮೇಲೆ ಹಿಂದಿನ ಕುಲವು ಸುಟ್ಟುಹೋಯಿತೆಂಬುದು ಶರಣರ ಸಿದ್ಧಾಂತ. ಆ ಸಿದ್ಧಾಂತವನ್ನು ಮಾತಿನಲ್ಲಿಯೇ ಇರಗೊಡದೆ ಮಧುವಯ್ಯನವರು ತಮ್ಮ ಮಗಳನ್ನು ಹರಳಯ್ಯನವರ ಮಗನಾದ ಶೀಲವಂತನಿಗೆ ಕೊಟ್ಟು ಮದುವೆ ಮಾಡಿದರೆಂದು ಐತಿಹ್ಯವು ಹೇಳುತ್ತದೆ. ಇದನ್ನು ಸಹಿಸದವರು ಅರಸನ ಬಳಿಗೆ ದೂರನ್ನು ಒಯ್ದರು. ಅರಸನು ಇಬ್ಬರು ತಂದೆಗಳಿಗೂ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನು. ಅದರಿಂದ ಹೊತ್ತಿದ ಕಿಚ್ಚು ಬಿಜ್ಜಳನ ಕೊಲೆಗೂ ಶರಣರ ವಲಸೆಗೂ ಕಾರಣವಾಯಿತು.

ಚರಿತ್ರೆಯ ದೃಷ್ಟಿಯಿಂದ ಇಲ್ಲಿ ಒಂದೆರಡು ಸಂಗತಿಗಳನ್ನು ಗಮನಿಸಬೇಕು. ಬಿಜ್ಜಳನ ಕಾಲದ ಶಾಸನಗಳು ದಾನದತ್ತಿಗಳನ್ನೂ, ಯುದ್ಧಗಳನ್ನೂ, ಬಿರುದಾವಳಿಗಳನ್ನೂ ಹೇಳುತ್ತವೆ. ಈ ವಿವಾಹದ ಕಥೆಯನ್ನು ಕಾಪಾಡಿದುದು ಕಲ್ಲಲ್ಲ, ಭಕ್ತರ ನಾಲಗೆ ಮತ್ತು ಪುರಾಣಕರ್ತರ ಲೇಖಣಿ. ಪುರಾಣಗಳಲ್ಲಿಯೂ ಶಿಕ್ಷೆಯ ಸ್ವರೂಪವು ಒಂದೇ ತೆರನಾಗಿಲ್ಲ. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣದಲ್ಲಿ ಅರಸನು ಆ ಶರಣರ ಕಣ್ಣುಗಳನ್ನು ಕೀಳಿಸಿದನೆಂದಿದೆ. ಭೀಮಕವಿಯು 1369ರಲ್ಲಿ ಕನ್ನಡಿಸಿದುದು ಇದೇ ಪುರಾಣವನ್ನು. ಎಳೆಹೂಟೆಯ ಕಥನವು ಕನ್ನಡ ನಾಡಿನ ಐತಿಹ್ಯದಲ್ಲಿ ಬಲವಾಗಿ ನೆಲೆಗೊಂಡು, ಕೊನೆಗೆ ಅದೇ ಜನಮಾನಸದಲ್ಲಿ ಸ್ಥಿರವಾಯಿತು. ಕಣ್ಣು ಕೀಳಿಸಿದ ಕಥೆಗಿಂತ ಬೀದಿಯಲ್ಲಿ ಎಳೆಯಿಸಿದ ಕಥೆಯನ್ನೇ ಜನರು ಏಕೆ ಹೆಚ್ಚಾಗಿ ನೆನಪಿನಲ್ಲಿಟ್ಟರು? ಕಣ್ಣು ಕೀಳುವುದು ಕ್ರೌರ್ಯವೇ ಸರಿ. ಆದರೆ ಅದು ಸೆರೆಮನೆಯ ಕತ್ತಲೆಯಲ್ಲಿಯೂ ನಡೆಯಬಲ್ಲುದು. ಎಳೆಹೂಟೆಗೆ ಮಾತ್ರ ಬೀದಿ ಬೇಕು, ಹಗಲು ಬೇಕು, ನೋಡುವ ಜನ ಬೇಕು. ಅದು ದೇಹದಂಡನೆಯಷ್ಟೇ ಅಲ್ಲ, ಮಾನದಂಡನೆಯೂ ಹೌದು. ಶರಣರ ಮದುವೆಯು ಊರೆಲ್ಲ ನೋಡುವಂತೆ ನಡೆಯಿತಾದುದರಿಂದ ಅದರ ಶಿಕ್ಷೆಯೂ ಊರೆಲ್ಲ ನೋಡುವಂತೆ ನಡೆಯಬೇಕೆಂಬುದು ಅರಸನ ಲೆಕ್ಕಾಚಾರವಾಗಿದ್ದಿತೆಂದು ಈ ಕಥನವನ್ನು ಕಾಪಾಡಿದವರು ತಿಳಿದಿದ್ದರು.

ಮಾನವನ್ನು ಕಳೆಯುವುದು ಆ ಕಾಲದ ನ್ಯಾಯಶಾಸ್ತ್ರದಲ್ಲಿ ಅಂಗೀಕೃತವಾದ ದಂಡವೇ ಆಗಿದ್ದಿತು. ಯಾಜ್ಞವಲ್ಕ್ಯ ಸ್ಮೃತಿಯು ದಂಡವನ್ನು ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡ ಎಂದು ನಾಲ್ಕಾಗಿ ವಿಭಾಗಿಸುತ್ತದೆ. ಇವುಗಳಲ್ಲಿ ಮೊದಲನೆಯದಾದ ಧಿಗ್ದಂಡವೆಂದರೆ ಧಿಕ್ಕಾರ, ಅಚ್ಚಗನ್ನಡದಲ್ಲಿ ಹೇಳುವುದಾದರೆ ಛೀ ಎನ್ನುವುದು. ತಲೆ ಬೋಳಿಸುವುದು, ಹಣೆಗೆ ಬರೆ ಹಾಕುವುದು, ಕತ್ತೆಯ ಮೇಲೆ ಕೂಡಿಸಿ ಊರಿಂದ ಹೊರಡಿಸುವುದು ಇವೂ ಸ್ಮೃತಿಕಾರರು ಹೇಳಿದ ದಂಡಗಳೇ. ಪ್ರತಿಲೋಮ ಸಂಗಕ್ಕೆ, ಅರ್ಥಾತ್ ಮೇಲೆನಿಸಿಕೊಂಡ ಕುಲದ ಸ್ತ್ರೀಯನ್ನು ಕೆಳಗೆನಿಸಿಕೊಂಡ ಕುಲದ ಪುರುಷನು ಕೂಡುವುದಕ್ಕೆ, ಪುರುಷನ ವಧೆಯನ್ನು ಅದೇ ಸ್ಮೃತಿಯು ವಿಧಿಸುತ್ತದೆ. ಈ ಸ್ಮೃತಿಗೆ ಭಾರತದಲ್ಲೆಲ್ಲ ಪ್ರಖ್ಯಾತವಾದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ಮತ್ತೆಲ್ಲಿಯೂ ಅಲ್ಲ, ಕಲ್ಯಾಣ ಪಟ್ಟಣದಲ್ಲಿಯೇ. 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಹೀಗೆ ಹರಳಯ್ಯನವರು ನಡೆದಾಡಿದ ಬೀದಿಗಳಲ್ಲಿಯೇ, ಅವರಿಗಿಂತ ಎರಡು ಮೂರು ತಲೆಮಾರು ಮುಂಚೆ, ದಂಡದ ಶಾಸ್ತ್ರವು ವಿಸ್ತಾರವಾಗಿ ವಿವೇಚಿಸಲ್ಪಟ್ಟಿದ್ದಿತು. ಬಿಜ್ಜಳನ ತೀರ್ಪು ಒಬ್ಬ ಅರಸನ ಕೋಪದ ಫಲವಷ್ಟೇ ಆಗಿರಲಿಲ್ಲ. ಅದರ ಹಿಂದೆ ಶಾಸ್ತ್ರದ ಬೆಂಬಲವೂ ಇದ್ದಿತು. ಶರಣರು ಎದುರಿಸಿದುದು ವ್ಯಕ್ತಿಯನ್ನಲ್ಲ, ಒಂದು ವ್ಯವಸ್ಥೆಯನ್ನು.

ಹೀಗಿದ್ದೂ ಆ ಶಿಕ್ಷೆಯು ವಿಫಲವಾಯಿತು. ಅದಕ್ಕೆ ಕಾರಣವೇನು? ಪ್ರಾಣವನ್ನು ತೆಗೆಯುವುದಕ್ಕೆ ಇಬ್ಬರಿದ್ದರೆ ಸಾಕು: ಕೊಲ್ಲುವವನು ಮತ್ತು ಕೊಲ್ಲಲ್ಪಡುವವನು. ಮಾನವನ್ನು ತೆಗೆಯುವುದಕ್ಕೆ ಮೂರನೆಯವನು ಬೇಕು, ಅವನೇ ನೋಡುವವನು. ನೋಡುವವನು ಛೀ ಎಂದರೆ ಮಾತ್ರ ಮಾನ ಹೋಯಿತು. ಅವನು ತಲೆಬಾಗಿದರೆ, ಇಲ್ಲವೆ ಕಣ್ಣೀರಿಟ್ಟರೆ, ಅರಸನ ಆನೆಯೂ ಹಗ್ಗವೂ ವ್ಯರ್ಥ. ಕಲ್ಯಾಣದ ಬೀದಿಯಲ್ಲಿ ನಡೆದುದು ಇದೇ. ಎಳೆಯಲ್ಪಟ್ಟವರನ್ನು ಶರಣ ಸಮೂಹವು ಪಾಪಿಗಳೆಂದು ನೋಡಲಿಲ್ಲ, ತತ್ತ್ವಕ್ಕಾಗಿ ದೇಹವನ್ನು ಸವೆಯಿಸಿದವರೆಂದು ನೋಡಿತು. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಯನ್ನು ಮಾಡಿಕೊಟ್ಟರೆಂದು ಹೆಸರಾದ ಹರಳಯ್ಯನವರ ಚರ್ಮವನ್ನು ಅರಸನು ಬೀದಿಯ ಕಲ್ಲಿಗೆ ಉಜ್ಜಿಸಿದನು. ಮೊದಲನೆಯದನ್ನು ಅರ್ಪಣೆಯೆಂದು ಕಂಡವರು ಎರಡನೆಯದನ್ನೂ ಅರ್ಪಣೆಯೆಂದೇ ಕಂಡರು. ಆ ಕ್ಷಣದಲ್ಲಿಯೇ ಪದದ ಅರ್ಥವು ತಿರುಗಿತು. ಎಳೆಹೂಟೆಯ ನಾಚಿಕೆಯು ಎಳೆಯಿಸಿಕೊಂಡವರನ್ನು ಬಿಟ್ಟು ಎಳೆಯಿಸಿದವನನ್ನು ಸೇರಿತು.

ಜಗತ್ತಿನ ಇತರ ದೇಶಗಳಲ್ಲಿಯೂ ಇಂಥ ಮಾರ್ಪಾಟು ಕಂಡುಬಂದಿದೆ. ರೋಮನರ ಕಾಲದಲ್ಲಿ ಶಿಲುಬೆಯು ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆಯಾಗಿದ್ದಿತು. ಅಪರಾಧಿಯನ್ನು ರಾಜಮಾರ್ಗದ ಬದಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುವುದರಲ್ಲಿ ನೋವಿನಷ್ಟೇ ಅವಮಾನವೂ ಉದ್ದೇಶಿತವಾಗಿದ್ದಿತು. ಕ್ರಿಸ್ತನ ಅನುಯಾಯಿಗಳು ಅದನ್ನೇ ತಮ್ಮ ಪೂಜಾಚಿಹ್ನೆಯನ್ನಾಗಿ ಮಾಡಿಕೊಂಡರು. ನೋಡುವವರ ಕಣ್ಣು ಬದಲಾದರೆ ಅತ್ಯಂತ ಹೀನವಾದ ಶಿಕ್ಷೆಯೂ ಪವಿತ್ರವಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕಲ್ಯಾಣದ ಕಥನದೊಡನೆ ಹೆಣೆದುಕೊಂಡ ಇನ್ನೆರಡು ಪದಗಳ ಗತಿಯನ್ನು ಹೋಲಿಸಿ ನೋಡಿದರೆ ಎಳೆಹೂಟೆಯ ವಿಶೇಷವು ಸ್ಪಷ್ಟವಾಗುತ್ತದೆ. ಬಸವಣ್ಣನವರು ಕಲ್ಯಾಣವನ್ನು ಬಿಡಬೇಕಾಗಿ ಬಂದುದನ್ನು ಹೇಳುವಾಗ ‘ಗಡಿಪಾರು’ ಎಂಬ ಮಾತು ಬರುತ್ತದೆ. ಇಂದು ಹುಬ್ಬಳ್ಳಿ-ಧಾರವಾಡದಲ್ಲಿ ಆ ಮಾತು ಕೇಳಿಬರುವುದು ಬಹುಮಟ್ಟಿಗೆ ಪೋಲೀಸರ ಆಜ್ಞೆಗಳಲ್ಲಿ, ರೌಡಿಗಳನ್ನು ಜಿಲ್ಲೆಯ ಹೊರಗೆ ಕಳಿಸುವ ಸಂದರ್ಭದಲ್ಲಿ. ‘ತಲೆದಂಡ’ ಎಂಬುದು ಇನ್ನೊಂದು. ಕಲ್ಯಾಣದ ದುರಂತವನ್ನು ವಸ್ತುವಾಗಿಟ್ಟುಕೊಂಡು ಗಿರೀಶ ಕಾರ್ನಾಡರು ಬರೆದ, 1990ರಲ್ಲಿ ಪ್ರಕಟವಾದ ನಾಟಕಕ್ಕೆ ಅದೇ ಹೆಸರು. ಆದರೆ ವರ್ತಮಾನಪತ್ರಗಳಲ್ಲಿ ಒಬ್ಬ ಮಂತ್ರಿಯೋ ಅಧಿಕಾರಿಯೋ ಹುದ್ದೆಯನ್ನು ಕಳೆದುಕೊಂಡರೂ ತಲೆದಂಡವೆಂದೇ ಅಚ್ಚಾಗುತ್ತದೆ. ಹೀಗೆ ಒಂದು ಪದವು ಪೋಲೀಸರ ಕಡತಕ್ಕೂ ಇನ್ನೊಂದು ಸುದ್ದಿಯ ತಲೆಬರಹಕ್ಕೂ ಇಳಿದವು. ಎಳೆಹೂಟೆಯಾದರೋ ಹರಳಯ್ಯ ಮಧುವಯ್ಯರ ಹೆಸರಿನೊಡನೆ ಬಿಗಿದುಕೊಂಡು ಹಾಗೆಯೇ ಉಳಿಯಿತು. ಆದರೂ ಅದರೊಳಗಿನ ಚಿತ್ರವು ದಿನಬಳಕೆಯ ಮಾತಿನಲ್ಲಿ ಬೇರೆ ರೂಪದಿಂದ ಬದುಕಿದೆ. ಮನೆತನದ ಮಾತನ್ನು ಹೊರಗೆ ಹಾಕಿದವನನ್ನು ‘ಮನೆಯ ಮಾನ ಬೀದಿಗೆ ಎಳೆದ’ ಎಂದು ಜನರು ಬೈಯುತ್ತಾರೆ. ಮಾನವು ‘ಬೀದಿಪಾಲಾಯಿತು’ ಎನ್ನುತ್ತಾರೆ. ಮಾನಹೋಗುವುದೆಂದರೆ ಬೀದಿಗೆ ಎಳೆಯಲ್ಪಡುವುದೆಂಬ ಭಾವನೆಯು ಕನ್ನಡಿಗರ ಮನಸ್ಸಿನಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಬೀದಿಯಲ್ಲಿ ಅವಮಾನಿಸುವ ಶಿಕ್ಷೆಯು ಅರಸೊತ್ತಿಗೆಗಳೊಡನೆ ಕೊನೆಗೊಳ್ಳಲಿಲ್ಲ. ಮುಖಕ್ಕೆ ಮಸಿ ಹಚ್ಚಿ ಕತ್ತೆಯ ಮೇಲೆ ತಿರುಗಿಸುವುದಕ್ಕೆ ಮುಸಲ್ಮಾನೀ ನ್ಯಾಯಪದ್ಧತಿಯಲ್ಲಿ ‘ತಶ್ಹೀರ್’ ಎಂಬ ಹೆಸರಿದ್ದಿತು. ಕಂಪನಿ ಸರಕಾರದ ನ್ಯಾಯಾಲಯಗಳೂ ಕೆಲವು ಕಾಲ ಅದನ್ನು ನಡೆಯಿಸಿದವು. 1849ರ ಕಾಯಿದೆಯೊಂದರಿಂದ ಹಣೆಗೆ ಬರೆ ಹಾಕುವುದೂ ಹೀಗೆ ಮೆರೆಯಿಸುವುದೂ ನಿಂತವು. ಅದಕ್ಕೆ ಮೊದಲು, 1837ರಲ್ಲಿ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದ ಮೆಕಾಲೆಯ ಮಂಡಲಿಯು ಈ ವಿಷಯವನ್ನು ವಿಚಾರಿಸಿ, ಸಾರ್ವಜನಿಕವಾಗಿ ಅವಮಾನಿಸುವ ಶಿಕ್ಷೆಯನ್ನು ಸೇರಿಸುವುದು ಬೇಡವೆಂದು ನಿರ್ಣಯಿಸಿತು. ಅದು ಕೊಟ್ಟ ಕಾರಣವು ಮನನೀಯವಾದುದು: ಶಿಕ್ಷೆಗಳಲ್ಲೆಲ್ಲ ಇದು ಅತ್ಯಂತ ಅಸಮವಾದುದು. ಸೂಕ್ಷ್ಮ ಮನಸ್ಸಿನವನಿಗೆ ಇದು ಮರಣಕ್ಕಿಂತಲೂ ಘೋರ. ನಾಚಿಕೆಯನ್ನು ಬಿಟ್ಟ ನೀಚನಿಗೆ ಇದು ಶಿಕ್ಷೆಯೇ ಅಲ್ಲ. ಅವಮಾನವು ಕೆಟ್ಟವನಿಗಿಂತ ಒಳ್ಳೆಯವನನ್ನೇ ಹೆಚ್ಚು ಸುಡುತ್ತದೆಂಬುದೇ ಇದರ ತಾತ್ಪರ್ಯ. 1860ರಲ್ಲಿ ಅಂಗೀಕೃತವಾದ ಭಾರತೀಯ ದಂಡಸಂಹಿತೆಯಲ್ಲಿ ಆ ಶಿಕ್ಷೆಗೆ ಸ್ಥಾನ ದೊರೆಯಲಿಲ್ಲ.

ಸರಕಾರವು ಕೈಬಿಟ್ಟುದನ್ನು ಕುಲದ ಪಂಚರು ಮಾತ್ರ ಕೈಬಿಡಲಿಲ್ಲ. ಅವರ ಕೈಯಲ್ಲಿ ಅದು ಬಹಿಷ್ಕಾರವೆಂಬ ರೂಪದಿಂದ ಮುಂದುವರಿಯಿತು. ಬಹಿಷ್ಕೃತನ ಮನೆಗೆ ಯಾರೂ ಹೋಗತಕ್ಕುದಲ್ಲ, ಬೆಂಕಿ ನೀರು ಕೊಡತಕ್ಕುದಲ್ಲ, ಪಂಕ್ತಿಯಲ್ಲಿ ಕೂಡಿಸತಕ್ಕುದಲ್ಲ, ಹೆಣ್ಣುಗಂಡಿನ ಸಂಬಂಧ ಬೆಳೆಸತಕ್ಕುದಲ್ಲ, ಸತ್ತರೆ ಹೆಗಲು ಕೊಡತಕ್ಕುದಲ್ಲ. ಇಲ್ಲಿ ಆನೆಯೂ ಇಲ್ಲ, ಹಗ್ಗವೂ ಇಲ್ಲ. ಮನುಷ್ಯನು ಬದುಕಿರುವಾಗಲೇ ದಿನದಿನವೂ ಬೀದಿಯಲ್ಲಿ ಎಳೆಯಲ್ಪಡುತ್ತಾನೆ. ಇದನ್ನು ತಡೆಯಲೆಂದು ಮುಂಬಯಿ ಪ್ರಾಂತದ ಶಾಸನಸಭೆಯು 1949ರಲ್ಲಿ ಬಹಿಷ್ಕಾರ ನಿಷೇಧದ ಕಾಯಿದೆಯನ್ನು ಮಾಡಿತು. ಧಾರವಾಡ ಜಿಲ್ಲೆಯು 1956ರ ನವೆಂಬರ 1ರ ವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದುದರಿಂದ ಆ ಕಾಯಿದೆಯು ಈ ಸೀಮೆಗೂ ಅನ್ವಯಿಸುತ್ತಿದ್ದಿತು. ದಾವೂದಿ ಬೋಹರಾ ಸಮಾಜದ ಧರ್ಮಗುರುಗಳು ತಂದ ವ್ಯಾಜ್ಯದಲ್ಲಿ, ಧಾರ್ಮಿಕ ಕಾರಣದಿಂದ ಬಹಿಷ್ಕರಿಸುವ ಗುರುವಿನ ಅಧಿಕಾರವನ್ನೂ ಈ ಕಾಯಿದೆಯು ಕಸಿದುಕೊಳ್ಳುತ್ತದೆಂಬ ಕಾರಣದಿಂದ ಸುಪ್ರೀಂ ಕೋರ್ಟು 1962ರಲ್ಲಿ ಅದನ್ನು ರದ್ದುಪಡಿಸಿತು. ಕಾಯಿದೆಯು ಹೋಯಿತು, ಆದರೆ ಅದು ಎತ್ತಿದ ಪ್ರಶ್ನೆಯು ಪ್ರತಿಯೊಂದು ಮಠದ, ಪ್ರತಿಯೊಂದು ದೈವದ ಮುಂದೆ ಹಾಗೆಯೇ ನಿಂತಿದೆ. ಜಾತಿಯ ಪಂಚರು ಪಂಕ್ತಿಯಿಂದ ಎಬ್ಬಿಸುವುದರಿಂದಲೇ ಶಿಕ್ಷೆಯನ್ನು ಪ್ರಾರಂಭಿಸುತ್ತಿದ್ದರೆಂಬುದನ್ನು ನೆನೆದರೆ, ಶರಣರು ದಾಸೋಹದ ಪಂಕ್ತಿಗೆ ಅಷ್ಟು ಮಹತ್ವವನ್ನು ಏಕೆ ಕೊಟ್ಟರೆಂಬುದು ತಿಳಿಯುತ್ತದೆ. ಯಾರನ್ನೂ ಎಬ್ಬಿಸದಿರುವ ಪಂಕ್ತಿಯೇ ಎಳೆಹೂಟೆಗೆ ಶರಣರು ಕೊಟ್ಟ ಉತ್ತರ.

ಇನ್ನು ಎಲ್ಲಕ್ಕಿಂತ ದುಃಖಕರವಾದ ಸಂಗತಿಯೊಂದನ್ನು ಹೇಳಬೇಕಾಗಿದೆ. ಕುಲವನ್ನು ಮೀರಿ ಮದುವೆಯಾದ ಮಗಳನ್ನು ಅಥವಾ ಅಳಿಯನನ್ನು ಸ್ವಂತ ಮನೆಯವರೇ ಕೊಲ್ಲುವ ಸುದ್ದಿಯು ನಾಡಿನ ಅನೇಕ ಕಡೆಗಳಿಂದ ಬರುತ್ತಿದೆ. ಶರಣರ ಹೆಸರನ್ನು ನಿತ್ಯವೂ ಉಚ್ಚರಿಸುವ ಧಾರವಾಡ ಸೀಮೆಯೂ ಈ ಕಲಂಕದಿಂದ ಮುಕ್ತವಾಗಿಲ್ಲ. ಇಂಥ ಕೊಲೆಗೆ ಮೊದಮೊದಲು ಪತ್ರಿಕೆಗಳು ‘ಮರ್ಯಾದಾ ಹತ್ಯೆ’ ಎಂಬ ಹೆಸರನ್ನು ಬಳಸಿದವು. ಆ ಹೆಸರಿನಲ್ಲಿ ಕೊಂದವನ ದೃಷ್ಟಿಯೇ ಅಡಗಿದೆ: ಮಕ್ಕಳು ಮರ್ಯಾದೆಯನ್ನು ಕಳೆದರು, ಕೊಲೆಯು ಅದನ್ನು ಉಳಿಸಿತು ಎಂಬ ಭಾವ. ಈಚೆಗೆ ಅನೇಕರು ಅದನ್ನು ತಿದ್ದಿ ‘ಮರ್ಯಾದೆಗೇಡು ಹತ್ಯೆ’ ಎಂದು ಬರೆಯುತ್ತಿರುವರು. ‘ಗೇಡು’ ಎಂಬ ಎರಡೇ ಅಕ್ಷರಗಳು ಸೇರಿದವು, ಅರ್ಥವು ತಲೆಕೆಳಗಾಯಿತು. ಮರ್ಯಾದೆ ಕಳೆದವರು ಮದುವೆಯಾದವರಲ್ಲ, ಕೊಂದವರು ಎಂದಾಯಿತು. ಎಂಟುನೂರೈವತ್ತು ವರ್ಷಗಳ ಹಿಂದೆ ಎಳೆಹೂಟೆಯೆಂಬ ಪದಕ್ಕೆ ಶರಣ ಸಮೂಹವು ಮಾಡಿದುದನ್ನೇ ಇಂದಿನ ಕನ್ನಡವು ಇನ್ನೊಂದು ಪದಕ್ಕೆ ಮಾಡುತ್ತಿದೆ. ಸುಪ್ರೀಂ ಕೋರ್ಟು ಕೂಡ 2006ರ ಲತಾ ಸಿಂಗ್ ಮೊಕದ್ದಮೆಯಲ್ಲಿ, ಇಂಥ ಕೊಲೆಗಳಲ್ಲಿ ಮರ್ಯಾದೆಯೆಂಬುದು ಏನೂ ಇಲ್ಲ, ಇವು ನಾಚಿಕೆಗೇಡಿನ ಅನಾಗರಿಕ ಕೃತ್ಯಗಳೆಂದು ಸಾರಿತು. 2018ರ ಶಕ್ತಿ ವಾಹಿನಿ ಮೊಕದ್ದಮೆಯಲ್ಲಿ, ಪ್ರಾಪ್ತವಯಸ್ಕರಿಬ್ಬರು ಪರಸ್ಪರ ಒಪ್ಪಿ ಮದುವೆಯಾಗುವುದಕ್ಕೆ ಮನೆತನದ ಅಥವಾ ಕುಲದ ಅನುಮತಿಯು ಬೇಕಿಲ್ಲವೆಂದು ತೀರ್ಮಾನಿಸಿತು.

ನ್ಯಾಯಾಲಯವು ಈಗ ಹೇಳಿದುದನ್ನು ಮಧುವಯ್ಯನವರು ಅಂದು ಮಗಳನ್ನು ಧಾರೆಯೆರೆದು ತೋರಿಸಿದ್ದರು. ಅವರೂ ತಂದೆಯೇ, ಅವರಿಗೂ ಕುಲದವರ ಮಾತು ಕಿವಿಗೆ ಬೀಳುತ್ತಿತ್ತು. ಜನ ಏನೆಂದಾರು ಎಂಬ ಭಯವು ಆ ಕಾಲದಲ್ಲಿ ಇಂದಿಗಿಂತ ಕಡಿಮೆಯದಾಗಿರಲಿಲ್ಲ, ಹೆಚ್ಚಿನದಾಗಿದ್ದಿತು. ಜನರ ಹಿಂದೆ ಅರಸನೂ ಅರಸನ ಹಿಂದೆ ಆನೆಯೂ ಇದ್ದವು. ಅಂಥ ಭಯದ ಎದುರಿನಲ್ಲಿ ಆ ತಂದೆಯು ಮಗಳನ್ನು ಕಾಪಾಡಿ ತಾನು ಎಳೆಯಲ್ಪಡುವುದನ್ನು ಆರಿಸಿಕೊಂಡರು. ಇಂದು ಯಾವನೇ ತಂದೆಯು ತನ್ನ ಮಾನಕ್ಕಾಗಿ ಮಗಳನ್ನು ಬಲಿಗೊಟ್ಟರೆ, ಅವನ ಕೊರಳಲ್ಲಿ ಲಿಂಗವಿದ್ದರೂ ಅವನು ನಿಂತಿರುವುದು ಹಗ್ಗವನ್ನು ಹಿಡಿದವರ ಸಾಲಿನಲ್ಲಿ.

ಬಸವಕಲ್ಯಾಣದಲ್ಲಿ ಹರಳಯ್ಯನವರ ಹೆಸರಿನ ಗವಿಗೆ ನಡೆದುಕೊಳ್ಳುವ ಭಕ್ತರು, ಉಳವಿಗೆ ಬಂಡಿ ಹೂಡುವ ಭಕ್ತರು, ಬಸವ ಜಯಂತಿಯಂದು ಮೆರವಣಿಗೆಯಲ್ಲಿ ಹೆಜ್ಜೆಹಾಕುವ ಭಕ್ತರು ಈ ಒಂದು ಪದದ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಗ್ಗ ಹಿಡಿಯುವವರು ಯಾವ ಕಾಲದಲ್ಲಿಯೂ ಕೆಲವರೇ. ಎಳೆಯಲ್ಪಡುವವರೂ ಕೆಲವರೇ. ಉಳಿದವರೆಲ್ಲರೂ ಬೀದಿಯ ಎರಡು ಬದಿಗೆ ನಿಂತು ನೋಡುವವರು. ಎಳೆಹೂಟೆಯು ಅವಮಾನವಾಗುವುದೋ ಪೂಜ್ಯವಾಗುವುದೋ ಎಂಬುದನ್ನು ಕಲ್ಯಾಣದಲ್ಲಿ ನಿರ್ಣಯಿಸಿದವರು ಅವರೇ. ಪ್ರತಿಯೊಂದು ಊರಿನಲ್ಲಿಯೂ, ಪ್ರತಿಯೊಂದು ಓಣಿಯಲ್ಲಿಯೂ, ಕುಲ ಮೀರಿದ ದಂಪತಿಗಳು ಬಾಗಿಲಿಗೆ ಬಂದು ನಿಂತಾಗ ಆ ನಿರ್ಣಯವು ಮತ್ತೆ ನೋಡುವವರ ಪಾಲಿಗೆ ಬರುತ್ತದೆ. ಅಂದು ಛೀ ಎನ್ನದೆ ಒಳಗೆ ಕರೆದು ಪ್ರಸಾದವನ್ನು ನೀಡಿದ ಮನೆಯೇ ಹರಳಯ್ಯ ಮಧುವಯ್ಯರ ನಿಜವಾದ ಸ್ಮಾರಕವು.